ಒಂದೇ ಕೃದಂತ, ನಾಲ್ಕು ಉಪವಾಕ್ಯ: ನಿಪ್ಪಾಣಿ ಭಾಗದ ದ್ವಿಭಾಷಿಕ ತರಗತಿಗಳಲ್ಲಿ ಇಂಗ್ಲಿಷ್ ವಾಕ್ಯರಚನೆಯ ಬೋಧನೆ

ಸಾರಾಂಶ

ಕನ್ನಡ ಮತ್ತು ಮರಾಠಿ ಮನೆಮಾತಿನ ವಿದ್ಯಾರ್ಥಿಗಳು ಇಂಗ್ಲಿಷಿನ ಸಂಬಂಧಸೂಚಕ ಉಪವಾಕ್ಯಗಳಲ್ಲಿ ಎದುರಿಸುವ ತೊಡಕಿನ ವ್ಯಾಕರಣಮೂಲವನ್ನು ಈ ಲೇಖನವು ವಿವರಿಸುತ್ತದೆ. ಎರಡೂ ಭಾಷೆಗಳಲ್ಲಿರುವ ‘ಯಾವ–ಆ’, ‘ಜೋ–ತೋ’ ಮಾದರಿಯ ಜೋಡಿ ರಚನೆಯು ಇಂಗ್ಲಿಷ್ ಉಪವಾಕ್ಯಕ್ಕೆ ಸಾಗುವ ನಡುವಣ ಮೆಟ್ಟಿಲಾಗಬಲ್ಲದು ಎಂಬುದು ನಮ್ಮ ಪ್ರತಿಪಾದನೆ.

ಪ್ರಮುಖ ಪದಗಳು: ಉಪವಾಕ್ಯ, ಕೃದಂತ, ಪೂರ್ಣ ಕ್ರಿಯಾಪದ, ವಿಭಕ್ತಿ, ಗಡಿಭಾಷೆ

1. ಪ್ರವೇಶ

ನಿಪ್ಪಾಣಿ, ಚಿಕ್ಕೋಡಿ, ಅಥಣಿ, ಕಾಗವಾಡಗಳ ಶಾಲೆಗಳಲ್ಲಿ ಇಂಗ್ಲಿಷ್ ಕಲಿಯುವ ಮಕ್ಕಳಲ್ಲಿ ಕೆಲವರ ಮನೆಮಾತು ಕನ್ನಡ, ಕೆಲವರದು ಮರಾಠಿ. ಎರಡನ್ನೂ ಆಡುವವರೂ ಉಂಟು. ಕನ್ನಡ ಮಾಧ್ಯಮದ ಶಾಲೆಗಳ ಜೊತೆಗೆ ಮರಾಠಿ ಮಾಧ್ಯಮದ ಶಾಲೆಗಳೂ ಇಲ್ಲಿವೆ. ಪ್ರೌಢಶಾಲೆ, ಕಾಲೇಜುಗಳ ಹಂತಕ್ಕೆ ಬರುವಾಗ ಇವರೆಲ್ಲರೂ ಒಂದೇ ಕೊಠಡಿಯಲ್ಲಿ ಕೂಡುವುದು ಅಪರೂಪವಲ್ಲ. ಆಗ ಇಂಗ್ಲಿಷ್ ಶಿಕ್ಷಕರ ಮುಂದೆ ಒಂದು ಪ್ರಶ್ನೆ ಏಳುತ್ತದೆ: ಎರಡು ಮನೆಮಾತುಗಳಿಗೆ ಎರಡು ಬಗೆಯ ವಿವರಣೆ ಬೇಕೆ?

ಸರಳ ವಾಕ್ಯದ ಪದಕ್ರಮವನ್ನು ಮಕ್ಕಳು ಬೇಗ ಹಿಡಿಯುತ್ತಾರೆ. ಕ್ರಿಯಾಪದವು ಕರ್ಮದ ಮುಂಚೆ ಬರುತ್ತದೆ ಎಂಬುದನ್ನು ಹತ್ತಾರು ವಾಕ್ಯಗಳ ಅಭ್ಯಾಸವೇ ಕಲಿಸುತ್ತದೆ. ತೊಡಕು ಬಲಿಯುವುದು ವಾಕ್ಯದೊಳಗೆ ವಾಕ್ಯ ಸೇರುವಲ್ಲಿ. ಅಲ್ಲಿ ಉಂಟಾಗುವ ದೋಷಗಳನ್ನು ಅಜಾಗರೂಕತೆಯೆಂದು ಭಾವಿಸಿ ಅಂಕ ಕಳೆಯುವುದು ಸುಲಭ. ಆದರೆ ಕಲಿಯುವವರ ದೋಷಗಳು ಅವರ ಮನದೊಳಗಿನ ವ್ಯವಸ್ಥೆಗೆ ಸಾಕ್ಷಿ ಎಂದು ಪಿಟ್ ಕಾರ್ಡರ್ 1967ರಲ್ಲಿಯೇ ತೋರಿಸಿಕೊಟ್ಟರು. ಆ ದೃಷ್ಟಿಯಿಂದ ನೋಡಿದರೆ ಇಲ್ಲಿಯ ದೋಷಗಳಿಗೂ ಒಂದು ಕ್ರಮವಿದೆ.

2. ವಾಕ್ಯಭೇದಗಳ ಹೆಸರು ಮತ್ತು ಪೂರ್ಣ ಕ್ರಿಯಾಪದ

ಕನ್ನಡ ಶಾಲಾ ವ್ಯಾಕರಣವು ವಾಕ್ಯಗಳನ್ನು ಸಾಮಾನ್ಯ, ಸಂಯೋಜಿತ, ಮಿಶ್ರ ಎಂದು ವಿಂಗಡಿಸುತ್ತದೆ. ಇಂಗ್ಲಿಷ್ ಪಾಠದ ಸಿಂಪಲ್, ಕಾಂಪೌಂಡ್, ಕಾಂಪ್ಲೆಕ್ಸ್ ಎಂಬ ಮೂರು ಹೆಸರುಗಳನ್ನು ಇವಕ್ಕೆ ಸಮವೆಂದು ಹೇಳಿ ಮುಂದುವರಿಯುವುದು ವಾಡಿಕೆ. ಈ ಸಮೀಕರಣ ಅರ್ಧ ಮಾತ್ರ ಸರಿ.

‘ತಂಬಾಕು ಮಾರಿದ ರೈತನು ಊರಿಗೆ ಮರಳಿದನು’ ಎಂಬಲ್ಲಿ ಪೂರ್ಣ ಕ್ರಿಯಾಪದ ಒಂದೇ. ‘ಮಾರಿದ’ ಎಂಬುದು ಕೃದಂತ. ಆದುದರಿಂದ ಕನ್ನಡದ ಲೆಕ್ಕದಲ್ಲಿ ಇದು ಸಾಮಾನ್ಯ ವಾಕ್ಯ. ಇದರ ಸಹಜ ಇಂಗ್ಲಿಷ್ ರೂಪವಾದ ‘ದ ಫಾರ್ಮರ್ ಹೂ ಸೋಲ್ಡ್ ದ ಟೊಬ್ಯಾಕೊ ರಿಟರ್ನ್ಡ್ ಟು ಹಿಸ್ ವಿಲೇಜ್’ ಎಂಬಲ್ಲಿ ‘ಸೋಲ್ಡ್’, ‘ರಿಟರ್ನ್ಡ್’ ಎಂಬ ಎರಡು ಪೂರ್ಣ ಕ್ರಿಯಾಪದಗಳಿವೆ. ಅದು ಕಾಂಪ್ಲೆಕ್ಸ್ ವಾಕ್ಯ. ಹಾಗೆಯೇ ‘ಎದ್ದು, ಬಂಡಿ ಹೂಡಿ, ಪೇಟೆಗೆ ಹೋಗಿ ಮಾರಿದನು’ ಎಂಬಲ್ಲಿ ನಾಲ್ಕು ಕ್ರಿಯೆಗಳಿದ್ದರೂ ಪೂರ್ಣ ಕ್ರಿಯಾಪದ ಕೊನೆಯದೊಂದೇ. ಮರಾಠಿಯ ‘ಉಠೂನ’, ‘ಜಾಊನ’ ರೂಪಗಳೂ ಇದೇ ಕೆಲಸ ಮಾಡುತ್ತವೆ. ಹೀಗಾಗಿ ಉಪವಾಕ್ಯವನ್ನು ಹೇಳುವ ಮುನ್ನ ಕಲಿಸಬೇಕಾದುದು ಪೂರ್ಣ ಕ್ರಿಯಾಪದವನ್ನು ಗುರುತಿಸುವ ಬಗೆ.

3. ಕೃದಂತವು ಹೇಳದೆ ಬಿಡುವ ಸಂಬಂಧ

ಕೆಳಗಿನ ನಾಲ್ಕು ಪದಪುಂಜಗಳನ್ನು ಗಮನಿಸೋಣ.

(ಅ) ತಂಬಾಕು ಮಾರಿದ ರೈತ
(ಆ) ರೈತ ಮಾರಿದ ತಂಬಾಕು
(ಇ) ರೈತ ತಂಬಾಕು ಮಾರಿದ ವ್ಯಾಪಾರಿ
(ಈ) ರೈತ ತಂಬಾಕು ಮಾರಿದ ಪೇಟೆ

ನಾಲ್ಕರಲ್ಲಿಯೂ ‘ಮಾರಿದ’ ಎಂಬ ಒಂದೇ ರೂಪವಿದೆ. ವಿಶೇಷ್ಯವು ಮಾರುವ ಕ್ರಿಯೆಗೆ ಕರ್ತೃವೋ, ಕರ್ಮವೋ, ಸಂಪ್ರದಾನವೋ, ಅಧಿಕರಣವೋ ಎಂಬುದನ್ನು ಕೃದಂತವು ಸೂಚಿಸುವುದಿಲ್ಲ. ಸಂದರ್ಭ ಮತ್ತು ಉಳಿದ ಪದಗಳಿಂದ ನಾವು ಅದನ್ನು ಊಹಿಸಿಕೊಳ್ಳುತ್ತೇವೆ. ಇಂಗ್ಲಿಷ್ ಈ ಊಹೆಗೆ ಎಡೆಗೊಡುವುದಿಲ್ಲ. (ಅ)ಕ್ಕೆ ‘ಹೂ ಸೋಲ್ಡ್’, (ಆ)ಕ್ಕೆ ‘ವಿಚ್ ದ ಫಾರ್ಮರ್ ಸೋಲ್ಡ್’, (ಇ)ಕ್ಕೆ ‘ಟು ಹೂಮ್’, (ಈ)ಕ್ಕೆ ‘ಇನ್ ವಿಚ್’ ಎಂದು ಪ್ರತಿಯೊಂದು ಸಂಬಂಧವನ್ನೂ ಬೇರೆಯಾಗಿ ಹೇಳಬೇಕಾಗುತ್ತದೆ.

‘ದ ಟ್ರೇಡರ್ ಹೂ ದ ಫಾರ್ಮರ್ ಸೋಲ್ಡ್ ದ ಟೊಬ್ಯಾಕೊ’ ಎಂದು ಬರೆಯುವ ವಿದ್ಯಾರ್ಥಿ ‘ಟು’ ಎಂಬ ಪದವನ್ನು ಅರಿಯದವನಲ್ಲ. ಅವನ ಮನದಲ್ಲಿರುವ (ಇ)ಯಲ್ಲಿ ಆ ‘ಟು’ವಿಗೆ ಸಮನಾದ ಅಂಶವೇ ಇಲ್ಲ. ಕೀನನ್ ಮತ್ತು ಕಾಮ್ರಿ 1977ರಲ್ಲಿ ಮಂಡಿಸಿದ ಶ್ರೇಣಿಯಲ್ಲಿ ಕರ್ತೃಸ್ಥಾನ ಮೊದಲು, ಬಳಿಕ ಮುಖ್ಯಕರ್ಮ, ಗೌಣಕರ್ಮ, ಅನಂತರ ಇತರ ವಿಭಕ್ತಿಸ್ಥಾನಗಳು. ಕನ್ನಡದ ಕೃದಂತವು ಈ ನಾಲ್ಕು ಮೆಟ್ಟಿಲುಗಳನ್ನೂ ಒಂದೇ ರೂಪದಿಂದ ದಾಟುವುದರಿಂದ, ಇಂಗ್ಲಿಷಿನಲ್ಲಿ ಮುಂದೆ ಮುಂದೆ ರಚನೆ ಬದಲಾಗುತ್ತದೆಂಬ ಸುಳಿವು ಕಲಿಯುವವನಿಗೆ ತನ್ನ ಭಾಷೆಯಿಂದ ದೊರೆಯದು.

4. ಜೋಡಿ ರಚನೆ ಎಂಬ ಮೆಟ್ಟಿಲು

ಆ ಸುಳಿವು ಕನ್ನಡದ ಇನ್ನೊಂದು ರಚನೆಯಲ್ಲಿದೆ. ‘ಯಾವ ವ್ಯಾಪಾರಿಗೆ ರೈತನು ತಂಬಾಕು ಮಾರಿದನೋ ಆ ವ್ಯಾಪಾರಿ’ ಎಂದಾಗ ಎರಡು ಸಂಗತಿಗಳು ಹೊರಬರುತ್ತವೆ. ಮೊದಲನೆಯದು, ‘ಮಾರಿದನು’ ಎಂಬ ಪೂರ್ಣ ಕ್ರಿಯಾಪದ. ಇಂಗ್ಲಿಷ್ ಉಪವಾಕ್ಯ ಬಯಸುವುದೂ ಅದನ್ನೇ. ಎರಡನೆಯದು, ‘ವ್ಯಾಪಾರಿಗೆ’ ಎಂಬಲ್ಲಿಯ ಚತುರ್ಥಿ ಪ್ರತ್ಯಯ. ಇಂಗ್ಲಿಷಿನ ‘ಟು’ ನಿಲ್ಲಬೇಕಾದ ಜಾಗ ಅದೇ. ‘ಯಾವ ಪೇಟೆಯಲ್ಲಿ ಮಾರಿದನೋ ಆ ಪೇಟೆ’ ಎಂಬಲ್ಲಿ ಸಪ್ತಮಿಯು ‘ಇನ್’ ಅನ್ನು ತೋರಿಸಿಕೊಡುತ್ತದೆ.

ಮರಾಠಿಯಲ್ಲಿಯೂ ಇದೇ ನಡೆ: ‘ಜ್ಯಾ ವ್ಯಾಪಾರ್ಯಾಲಾ ಶೇತಕರ್ಯಾನೇ ತಂಬಾಖೂ ವಿಕಲೀ ತೋ ವ್ಯಾಪಾರೀ’, ‘ಜ್ಯಾ ಪೇಠೇತ ವಿಕಲೀ ತೀ ಪೇಠ’. ಕನ್ನಡದ ‘-ಗೆ’, ಮರಾಠಿಯ ‘-ಲಾ’, ಇಂಗ್ಲಿಷಿನ ‘ಟು’ ಒಂದೇ ಸಾಲಿನಲ್ಲಿ ನಿಲ್ಲುತ್ತವೆ. ಆದುದರಿಂದ ಮಿಶ್ರ ತರಗತಿಗೆ ಎರಡು ವ್ಯತಿರೇಕಿ ವ್ಯಾಕರಣಗಳ ಅಗತ್ಯವಿಲ್ಲ. ಕಪ್ಪುಹಲಗೆಯ ಮೇಲೆ ಮೂರು ಸಾಲು ಸಾಕು.

ಬೋಧನೆಯ ಕ್ರಮವನ್ನು ಹೀಗೆ ಇಡಬಹುದು: ಕೃದಂತ ರೂಪವನ್ನು ಹೇಳಿಸುವುದು, ಅದನ್ನು ಜೋಡಿ ರಚನೆಗೆ ಬಿಡಿಸುವುದು, ಪ್ರತ್ಯಯದ ಕೆಳಗೆ ಗೆರೆ ಎಳೆಸುವುದು, ವಿಶೇಷ್ಯವನ್ನು ಮುಂದಕ್ಕೆ ತಂದು ಇಂಗ್ಲಿಷ್ ಉಪವಾಕ್ಯ ಕಟ್ಟಿಸುವುದು. ಕರ್ತೃಸ್ಥಾನದಿಂದ ತೊಡಗಿ ಅಧಿಕರಣದವರೆಗೆ ಶ್ರೇಣಿಯ ಕ್ರಮದಲ್ಲಿಯೇ ಸಾಗುವುದು ಯುಕ್ತ.

5. ಮಿತಿಗಳು

ಈ ಮೆಟ್ಟಿಲಿನಲ್ಲಿಯೇ ನಿಂತುಬಿಡುವ ಅಪಾಯವಿದೆ. ‘ಆ ರೈತ’ ಎಂಬುದನ್ನು ಇಂಗ್ಲಿಷಿಗೆ ಒಯ್ದರೆ ‘ದ ಫಾರ್ಮರ್ ಹೂ ಸೋಲ್ಡ್ ದ ಟೊಬ್ಯಾಕೊ, ಹೀ ವೆಂಟ್ ಹೋಮ್’ ಎಂಬ ವಾಕ್ಯ ಹುಟ್ಟುತ್ತದೆ. ‘ಆ’, ‘ತೋ’ಗಳ ಭಾಗವನ್ನು ಅಳಿಸುವುದು ಪ್ರತ್ಯೇಕ ಅಭ್ಯಾಸವಾಗಬೇಕು. ಮರಾಠಿಯಲ್ಲಿ ಭೂತಕಾಲದ ಸಕರ್ಮಕ ಕ್ರಿಯೆಯ ಕರ್ತೃವಿಗೆ ಹತ್ತುವ ‘-ನೇ’ಗೆ ಇಂಗ್ಲಿಷಿನಲ್ಲಿ ಉಪಸರ್ಗ ಬೇಕಿಲ್ಲ, ಅದನ್ನು ‘ಬೈ’ ಎಂದು ಓದಿಕೊಳ್ಳದಂತೆ ಎಚ್ಚರ ವಹಿಸಬೇಕು. ಕನ್ನಡದ ‘ಯಾರು’, ‘ಯಾವ’ಗಳು ಇಂಗ್ಲಿಷಿನ ‘ಹೂ’, ‘ವಿಚ್’ಗಳಂತೆ ಪ್ರಶ್ನಾರ್ಥಕಗಳೂ ಹೌದು. ಮರಾಠಿಯ ‘ಜೋ’ ಪ್ರಶ್ನಾರ್ಥಕವಾದ ‘ಕೋಣ’ದಿಂದ ಬೇರೆ. ಈ ಒಂದು ಅಂಶದಲ್ಲಿ ಮರಾಠಿ ಮನೆಮಾತಿನವರಿಗೆ ಹೆಚ್ಚಿನ ವಿವರಣೆ ಬೇಕು. ಇದಕ್ಕೆ ಪ್ರತಿಯಾಗಿ, ಜೋಡಿ ರಚನೆಯು ಕನ್ನಡದ ಮಾತಿನಲ್ಲಿ ತುಸು ಗ್ರಾಂಥಿಕ, ಮರಾಠಿಯಲ್ಲಿ ನಿತ್ಯದ್ದು. ಎರಡನೆಯ ಹಂತದಲ್ಲಿ ಮರಾಠಿ ಮಕ್ಕಳೇ ಮುಂದಾಗಿ ನಡೆಯಬಲ್ಲರು.

6. ಗಡಿಯ ಆಡುನುಡಿ ಎಂಬ ಸಂಪನ್ಮೂಲ

ಈ ಸಾಮ್ಯವನ್ನು ಗಡಿಭಾಗದಲ್ಲಿ ಭಾಷಾವಿಜ್ಞಾನಿಗಳು ಬಹಳ ಹಿಂದೆಯೇ ಕಂಡಿದ್ದಾರೆ. ಸಾಂಗ್ಲಿ ಜಿಲ್ಲೆಯ ಕುಪವಾಡದಲ್ಲಿ ಕನ್ನಡ, ಮರಾಠಿ, ಉರ್ದು, ತೆಲುಗು ನುಡಿಗಳು ಶತಮಾನಗಳ ಒಡನಾಟದಿಂದ ಒಂದೇ ವಾಕ್ಯವಿನ್ಯಾಸಕ್ಕೆ ಒಗ್ಗಿಕೊಂಡುದನ್ನು ಗಂಪರ್ಜ್ ಮತ್ತು ವಿಲ್ಸನ್ 1971ರಲ್ಲಿ ಪ್ರಕಟಿಸಿದರು. ಅವರು ಗುರುತಿಸಿದ ಲಕ್ಷಣಗಳಲ್ಲಿ ಒಂದು, ಶಿಷ್ಟ ಕನ್ನಡ ಬಿಟ್ಟುಬಿಡುವ ಅಸ್ತಿತ್ವವಾಚಿ ಕ್ರಿಯಾಪದವನ್ನು ಅಲ್ಲಿಯ ಕನ್ನಡ ಉಳಿಸಿಕೊಂಡಿರುವುದು.

ಇದರ ಬೋಧನಾಫಲ ಗಮನಾರ್ಹ. ‘ಇದು ನಮ್ಮ ಮನೆ’ ಎಂಬ ಪಠ್ಯದ ಕನ್ನಡದಿಂದ ಹೊರಟವನು ‘ದಿಸ್ ಅವರ್ ಹೌಸ್’ ಎಂದು ಬರೆದಾನು. ‘ಇದು ನಮ್ಮ ಮನಿ ಐತಿ’ ಎನ್ನುವ ಮಗುವಿನ ಬಾಯಲ್ಲಿ, ‘ಹೇ ಆಮಚೇ ಘರ ಆಹೇ’ ಎನ್ನುವ ಮಗುವಿನ ಬಾಯಲ್ಲಿ ಇದ್ದಂತೆಯೇ, ‘ಈಸ್’ ಎಂಬುದರ ಸ್ಥಾನ ಆಗಲೇ ಸಿದ್ಧವಿದೆ. ತರಗತಿಯಲ್ಲಿ ಆ ‘ಐತಿ’ಯನ್ನು ಅಶುದ್ಧವೆಂದು ತಿದ್ದುವ ಶಿಕ್ಷಕರು ಇಂಗ್ಲಿಷ್ ಪಾಠಕ್ಕೆ ಒದಗಬಹುದಾಗಿದ್ದ ಆಧಾರವನ್ನೇ ಕಳೆದಂತಾಗುತ್ತದೆ.

7. ಉಪಸಂಹಾರ

ನಿಪ್ಪಾಣಿಯಂತಹ ಪ್ರದೇಶದ ದ್ವಿಭಾಷಿಕತೆಯನ್ನು ಇಂಗ್ಲಿಷ್ ಕಲಿಕೆಗೆ ಅಡ್ಡಿಯೆಂದು ಎಣಿಸಲು ವ್ಯಾಕರಣದಲ್ಲಿ ಕಾರಣವಿಲ್ಲ. ಪೂರ್ಣ ಕ್ರಿಯಾಪದ ಮತ್ತು ವಿಭಕ್ತಿ ಎರಡನ್ನೂ ಹೊರಗೆಡಹುವ ರಚನೆ ಇಲ್ಲಿಯ ಎರಡೂ ಮನೆಮಾತುಗಳಲ್ಲಿದೆ. ಈ ಕ್ರಮವು ಕೃದಂತದಿಂದ ನೇರವಾಗಿ ಭಾಷಾಂತರಿಸುವ ರೂಢಿಗಿಂತ ಎಷ್ಟು ಫಲಕಾರಿ ಎಂಬುದನ್ನು ವಿಭಕ್ತಿಸ್ಥಾನವಾರು ದೋಷಗಳನ್ನು ಎಣಿಸಿ ಪರೀಕ್ಷಿಸಬೇಕು. ಅಂತಹ ಪರೀಕ್ಷೆಯಲ್ಲಿ ಕರ್ತೃಸ್ಥಾನಕ್ಕಿಂತ ಗೌಣಕರ್ಮ ಮತ್ತು ಅಧಿಕರಣ ಸ್ಥಾನಗಳಲ್ಲಿ ಹೆಚ್ಚಿನ ಸುಧಾರಣೆ ಕಾಣಬೇಕು. ಕಾಣದಿದ್ದರೆ ನಮ್ಮ ವಿವರಣೆಯನ್ನೇ ಮರುಪರಿಶೀಲಿಸಬೇಕಾಗುತ್ತದೆ.