ಖಾಕಿ ವೇಷ, ಮೊಬೈಲ್ ರಂಗ

ಅಮೆರಿಕದ ಪತ್ತೇದಾರಿ ಧಾರಾವಾಹಿಗಳು ವರ್ಚುವಲ್ ಲೋಕದ ಅಪರಾಧವನ್ನು 2007ರಲ್ಲೇ ಕಥೆ ಮಾಡಿದವು. ನವಲಗುಂದ, ಕುಂದಗೋಳ, ಕಲಘಟಗಿ, ಅಣ್ಣಿಗೇರಿಯ ಮನೆಗಳಿಗೆ ಆ ಅಪರಾಧ ಇಂದು ವಾಟ್ಸ್‌ಆ್ಯಪ್ ಕರೆಯ ರೂಪದಲ್ಲಿ ಬರಬಹುದು. ಕನ್ನಡ ಕಿರುತೆರೆ ಆ ಕಥೆಯನ್ನು ಯಾವಾಗ ಹೇಳುತ್ತದೆ?

ಧಾರವಾಡ ಸೀಮೆಯ ಹಳ್ಳಿಗಳಿಗೆ ಅಪರಾಧದ ಕಥೆ ಟಿವಿಯಿಂದ ಬಂದದ್ದಲ್ಲ. ಬೈಲಹೊಂಗಲದಲ್ಲಿ ನಡೆದ ಒಂದು ಕೊಲೆ ‘ಸಂಗ್ಯಾ ಬಾಳ್ಯಾ’ ಎಂಬ ಸಣ್ಣಾಟವಾಗಿ ತಲೆಮಾರುಗಳಿಂದ ಇಲ್ಲಿನ ಜನರನ್ನು ರಾತ್ರಿಯಿಡೀ ಕೂಡಿಸಿದೆ. ಚಂದ್ರಶೇಖರ ಕಂಬಾರರು ಅದನ್ನು ಸಂಪಾದಿಸಿ ಅಚ್ಚಿಗೆ ತಂದರು, ಮುಂದೆ ಅದು ಸಿನಿಮಾನೂ ಆಯಿತು. ಈರ್ಯಾನ ಹೆಂಡತಿ ಗಂಗಾಳ ಮೇಲೆ ಸಂಗ್ಯಾನ ಮನಸ್ಸು ಹೋಗುತ್ತದೆ. ಪಾರಮ್ಮ ಎಂಬ ಮುದುಕಿ ನಡುವೆ ಓಡಾಡುತ್ತಾಳೆ. ಕೊನೆಗೆ ಜೀವದ ಗೆಳೆಯ ಬಾಳ್ಯಾನೇ ಸಂಗ್ಯಾನನ್ನು ಹಗೆಗಳ ಕೈಗೆ ಒಪ್ಪಿಸುತ್ತಾನೆ. ಕೊಂದವರು ಯಾರೆಂದು ಆಟ ಶುರುವಾಗುವ ಮೊದಲೇ ಎಲ್ಲರಿಗೂ ಗೊತ್ತು. ಆದರೂ ಜನ ಬೆಳತನಕ ಕೂಡುತ್ತಾರೆ. ನಂಬಿಕೆ ಯಾವ ಗಳಿಗೆಯಲ್ಲಿ, ಯಾರ ಮಾತಿಗೆ ಮುರಿಯಿತು ಎಂಬುದನ್ನು ಅವರು ಮತ್ತೆ ಮತ್ತೆ ನೋಡಬೇಕು.

ಅಪರಾಧದ ಕಥೆ ಹೇಳುವ ಈ ಜಾಣ್ಮೆ ಟಿವಿ ಬಂದ ಮೇಲೆ ತೆಳುವಾಯಿತು ಎಂಬುದು ನನ್ನ ತಕರಾರು. ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದಲ್ಲಿ ಓದಿದ ಪತ್ರಕರ್ತ ರವಿ ಬೆಳಗೆರೆ ಈಟಿವಿ ಕನ್ನಡದಲ್ಲಿ ‘ಕ್ರೈಂ ಡೈರಿ’ ನಡೆಸುತ್ತಿದ್ದಾಗ ಆ ದನಿಗೆ ಹಳ್ಳಿಯ ಮನೆಗಳೂ ಕಿವಿಗೊಟ್ಟಿದ್ದವು. ಉದಯದಲ್ಲಿ ‘ಕ್ರೈಂ ಸ್ಟೋರಿ’ ಬಂತು, ಕಲರ್ಸ್‌ನಲ್ಲಿ ‘ಶಾಂತಂ ಪಾಪಂ’ ಬಂತು. ನಡುನಡುವೆ ಒಳ್ಳೆಯ ಕಂತುಗಳು ಬಂದದ್ದನ್ನು ಮರೆಯಬಾರದು. ಆದರೆ ಒಟ್ಟಾರೆ ನಮ್ಮ ಕ್ರೈಂ ಕಾರ್ಯಕ್ರಮಗಳು ಅನೈತಿಕ ಸಂಬಂಧ, ಆಸ್ತಿ ಜಗಳ, ಮಚ್ಚು, ಬಾವಿಯೊಳಗಿನ ಹೆಣ ಇವುಗಳ ಸುತ್ತಲೇ ತಿರುಗಿದವು. ಕಣ್ಣಿಗೆ ಕಾಣುವ ಸಾಕ್ಷಿ ಕ್ಯಾಮೆರಾಕ್ಕೆ ಬೇಗ ಒಗ್ಗುತ್ತದೆ. 2010ರಲ್ಲಿ ಅಣ್ಣಿಗೇರಿಯಲ್ಲಿ ಚರಂಡಿ ತೋಡುವಾಗ ನೂರಾರು ತಲೆಬುರುಡೆ ಸಿಕ್ಕಾಗ ನಾಡಿಗೆ ನಾಡೇ ಬೆರಗಾಗಿ ನೋಡಿತು. ಮೊಬೈಲಿನೊಳಗೆ ನಡೆಯುವ ಅಪರಾಧಕ್ಕೆ ಬುರುಡೆಯೂ ಇಲ್ಲ, ರಕ್ತವೂ ಇಲ್ಲ.

ಸೆಕೆಂಡ್ ಲೈಫ್‌ಗೆ ಇಳಿದ ಪತ್ತೇದಾರ

ಹೊರಗಿನವರು ಇದನ್ನು ಹೇಗೆ ತೋರಿಸಿದರು? 2007ರ ಅಕ್ಟೋಬರ್ 24ರಂದು ಅಮೆರಿಕದ ಸಿಬಿಎಸ್ ವಾಹಿನಿಯಲ್ಲಿ ‘ಸಿಎಸ್‌ಐ: ನ್ಯೂಯಾರ್ಕ್’ ಸರಣಿಯ ‘ಡೌನ್ ದ ರ್‍ಯಾಬಿಟ್ ಹೋಲ್’ ಎಂಬ ಕಂತು ಪ್ರಸಾರವಾಯಿತು. ಕೊಲೆಯಾದ ಹೆಣ್ಣುಮಗಳ ಮೈಮೇಲೆ ವಿಚಿತ್ರ ವೇಷ. ಅದು ‘ಸೆಕೆಂಡ್ ಲೈಫ್’ ಎಂಬ ಆನ್‌ಲೈನ್ ಲೋಕದಲ್ಲಿ ಅವಳೇ ಕಟ್ಟಿಕೊಂಡಿದ್ದ ಪಾತ್ರದ್ದು. ಲಿಂಡನ್ ಲ್ಯಾಬ್ ಎಂಬ ಕಂಪನಿ 2003ರಲ್ಲಿ ತೆರೆದ ಆ ಲೋಕದಲ್ಲಿ ಯಾರು ಬೇಕಾದರೂ ಬೇಕಾದ ರೂಪ ತೊಟ್ಟು ಓಡಾಡಬಹುದು, ಜಾಗ ಕೊಳ್ಳಬಹುದು, ವ್ಯಾಪಾರ ಮಾಡಬಹುದು. ಕೊಂದವರು ಸತ್ತವಳ ಆ ರೂಪವನ್ನೇ ತಾವು ತೊಟ್ಟು ಮುಂದಿನ ಬೇಟೆಗೆ ಹೊರಡುತ್ತಾರೆ. ಅವರನ್ನು ಹುಡುಕಲು ಗ್ಯಾರಿ ಸಿನೀಸ್ ನಟಿಸಿದ ಮ್ಯಾಕ್ ಟೇಲರ್ ತಾನೂ ಒಂದು ರೂಪ ಕಟ್ಟಿಕೊಂಡು ಒಳಗಿಳಿಯುತ್ತಾನೆ. ನೋಡುಗರಿಗೂ ಸೆಕೆಂಡ್ ಲೈಫ್ ಒಳಗೆ ಬಂದು ಸುಳಿವು ಹುಡುಕಲು ಆಹ್ವಾನವಿತ್ತು. ಪ್ರಕರಣ ಅದೇ ಕಂತಿನಲ್ಲಿ ಮುಗಿಯಲಿಲ್ಲ. ಅದರ ಉಳಿದ ಕಥೆ 2008ರಲ್ಲಿ ಬಂತು. ಅದೇ 2007ರ ಅಕ್ಟೋಬರಿನಲ್ಲಿ ‘ಲಾ ಆ್ಯಂಡ್ ಆರ್ಡರ್: ಎಸ್‌ವಿಯು’ ಕೂಡ ‘ಅವತಾರ್’ ಎಂಬ ಕಂತಿನಲ್ಲಿ ಇದೇ ವಸ್ತುವನ್ನು ಎತ್ತಿಕೊಂಡಿತ್ತು.

ಸಿಎಸ್‌ಐ ಕಂತಿನಲ್ಲಿ ಹೊಳಪು ಹೆಚ್ಚಾಯಿತು, ಒಪ್ಪೋಣ. ಅಲ್ಲಿನ ಪೊಲೀಸರಿಗೆ ಕೀಬೋರ್ಡ್ ಒತ್ತಿದರೆ ಸಾಕು, ಎಲ್ಲ ಗೊತ್ತಾಗುತ್ತದೆ. ಆದರೂ ಒಂದು ಮಾತನ್ನು ಆ ಕಂತು ಸರಿಯಾಗಿ ಹಿಡಿದಿತ್ತು. ಆನ್‌ಲೈನಿನಲ್ಲಿ ಮುಖವನ್ನೇ ಕದಿಯಬಹುದು, ಕದ್ದ ಮುಖಕ್ಕೂ ಎದುರಿನವರ ನಂಬಿಕೆ ಸಿಗುತ್ತದೆ.

ನಿಜಲೋಕದ ಪ್ರಕರಣಗಳು ಧಾರಾವಾಹಿಗಿಂತ ವಿಚಿತ್ರ. 2008ರಲ್ಲಿ ಜಪಾನಿನ ಮಿಯಾಝಾಕಿಯ ಮಹಿಳೆಯೊಬ್ಬರು ‘ಮೇಪಲ್‌ಸ್ಟೋರಿ’ ಆಟದಲ್ಲಿ ತಮಗೆ ಥಟ್ಟನೆ ವಿಚ್ಛೇದನ ಕೊಟ್ಟ ಆಟದೊಳಗಿನ ಗಂಡನ ಪಾತ್ರವನ್ನು ಅಳಿಸಿ ಹಾಕಿದರು. ಪೊಲೀಸರು ಬಂಧಿಸಿದರು. ಪರದೆಯ ಪಾತ್ರವನ್ನು ‘ಕೊಂದ’ದ್ದಕ್ಕೆ ಯಾವ ಕಾನೂನೂ ಇರಲಿಲ್ಲ, ಇನ್ನೊಬ್ಬರ ಪಾಸ್‌ವರ್ಡ್ ಬಳಸಿ ಒಳನುಗ್ಗಿದ ಆರೋಪವಷ್ಟೇ. ನೆದರ್ಲೆಂಡ್ಸ್‌ನ ಸುಪ್ರೀಂ ಕೋರ್ಟ್ 2012ರಲ್ಲಿ ‘ರೂನ್‌ಸ್ಕೇಪ್’ ಆಟದ ಒಂದು ತಾಯಿತ ಮತ್ತು ಮುಖವಾಡವನ್ನು ಬಾಲಕನೊಬ್ಬನಿಂದ ಹೊಡೆದು ಬಡಿದು ಕಿತ್ತುಕೊಂಡದ್ದು ನಿಜವಾದ ಕಳವೇ ಎಂದು ತೀರ್ಪು ಕೊಟ್ಟಿತು. ಪರದೆಯ ಮೇಲಿನ ವಸ್ತುವಿಗೂ ಬೆಲೆ ಇದೆ ಎಂದು ನ್ಯಾಯಾಲಯ ಒಪ್ಪಿಕೊಂಡ ಕಾಲವದು.

ನಮ್ಮ ಭಾಗದಲ್ಲಿ ಆಟ ಮತ್ತು ಅಪರಾಧ ಒಂದೇ ಸಾಲಿನಲ್ಲಿ ಸುದ್ದಿಯಾದದ್ದು 2019ರ ಸೆಪ್ಟೆಂಬರಿನಲ್ಲಿ. ಬೆಳಗಾವಿ ಹತ್ತಿರದ ಕಾಕತಿಯಲ್ಲಿ ಪಬ್‌ಜಿ ಆಡಬೇಡ ಎಂದ ತಂದೆಯನ್ನು ಮಗನೇ ಕೊಂದ. ಸುದ್ದಿಯಲ್ಲಿ ಆಟದ ಹೆಸರೇ ಮೆರೆಯಿತು. ಆ ಹುಡುಗನ ಮನಸ್ಸಿಗೆ ಏನಾಗಿತ್ತು, ಮನೆಯವರಿಗೆ ಯಾರ ನೆರವು ಬೇಕಿತ್ತು ಎಂಬ ಪ್ರಶ್ನೆ ಹಿಂದೆ ಬಿತ್ತು. ಮರುವರ್ಷ ಪಬ್‌ಜಿ ಮೇಲೆ ನಿಷೇಧ ಬಂತು. ಆದರೆ ಅದರ ಕಾರಣ ದೇಶದ ಭದ್ರತೆ, ಕಾಕತಿಯ ಮನೆಯಲ್ಲ. ದುಡ್ಡು ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನು ತಡೆಯಲು ಕರ್ನಾಟಕ 2021ರಲ್ಲಿ ಪೊಲೀಸ್ ಕಾಯ್ದೆಗೆ ತಿದ್ದುಪಡಿ ತಂದಿತು, 2022ರ ಫೆಬ್ರುವರಿಯಲ್ಲಿ ಹೈಕೋರ್ಟ್ ಅದನ್ನು ರದ್ದು ಮಾಡಿತು. 2025ರ ಆಗಸ್ಟಿನಲ್ಲಿ ಸಂಸತ್ತೇ ಅಂಥ ಆಟಗಳನ್ನು ನಿಷೇಧಿಸಿತು.

ಸೆಟ್ಟು, ಸಮವಸ್ತ್ರ, ಸಂಭಾಷಣೆ

ಆದರೆ ಇಂದು ನಮ್ಮ ಹಳ್ಳಿಗೆ ಬರುವ ದೊಡ್ಡ ವೇಷಧಾರಿ ಅಪರಾಧ ಆಟದ ಆ್ಯಪ್‌ನಲ್ಲಿಲ್ಲ. ಜನ ಅದನ್ನು ‘ಡಿಜಿಟಲ್ ಅರೆಸ್ಟ್’ ಎನ್ನುತ್ತಾರೆ. ನನ್ನ ಮಟ್ಟಿಗೆ ಅದು ಪೂರ್ತಿ ನಾಟಕ.

ಮೊದಲ ಅಂಕ ಮಾಮೂಲಿ ಕರೆ. ನಿಮ್ಮ ಹೆಸರಿನ ಪಾರ್ಸೆಲ್‌ನಲ್ಲಿ ಮಾದಕ ವಸ್ತು ಸಿಕ್ಕಿದೆ, ಇಲ್ಲವೆ ನಿಮ್ಮ ಆಧಾರ್ ಮೇಲೆ ತೆಗೆದ ಸಿಮ್‌ನಿಂದ ಅಶ್ಲೀಲ ಸಂದೇಶ ಹೋಗಿದೆ. ಎರಡನೆಯ ಅಂಕಕ್ಕೆ ಕರೆ ‘ಮುಂಬೈ ಪೊಲೀಸ’ರಿಗೆ ವರ್ಗವಾಗುತ್ತದೆ. ವಿಡಿಯೊ ತೆರೆದರೆ ಖಾಕಿ ತೊಟ್ಟವನು, ಹಿಂದೆ ಇಲಾಖೆಯ ಲಾಂಛನ, ಮೇಜಿನ ಮೇಲೆ ಕಡತ, ಆಚೆಯಿಂದ ವೈರ್‌ಲೆಸ್ ಸದ್ದು. ಆಮೇಲೆ ಸಿಬಿಐ ಅಧಿಕಾರಿ ಬರುತ್ತಾನೆ, ಕೆಲವೊಮ್ಮೆ ‘ಜಡ್ಜ್’ ಕೂಡ. ಮೊಬೈಲಿಗೆ ಸುಪ್ರೀಂ ಕೋರ್ಟಿನ ಮುದ್ರೆಯ ವಾರಂಟ್ ಬೀಳುತ್ತದೆ. ಕ್ಯಾಮೆರಾ ಬಂದ್ ಮಾಡಬಾರದು, ಕೋಣೆ ಬಿಟ್ಟು ಏಳಬಾರದು, ಹೆಂಡತಿಗೂ ಮಕ್ಕಳಿಗೂ ಹೇಳಬಾರದು, ಹೇಳಿದರೆ ಅವರನ್ನೂ ಒಳಗೆ ಹಾಕುತ್ತೇವೆ. ಇಡೀ ಆಟದ ಕೀಲಿ ಈ ಕೊನೆಯ ಮಾತಿನಲ್ಲಿದೆ. ಮನೆಯ ಮನುಷ್ಯನನ್ನು ಮನೆಯೊಳಗೇ ಒಂಟಿ ಮಾಡಿದ ಮೇಲೆ ಉಳಿದದ್ದು ಸುಲಭ. ನಿಮ್ಮ ಹಣ ಶುದ್ಧವೋ ಅಲ್ಲವೋ ರಿಸರ್ವ್ ಬ್ಯಾಂಕ್ ಪರಿಶೀಲಿಸುತ್ತದೆ, ಈ ಖಾತೆಗೆ ಹಾಕಿ, ತನಿಖೆ ಮುಗಿದ ಮೇಲೆ ವಾಪಸ್.

ನಮ್ಮ ಸೀಮೆಗೆ ಹಗಲುವೇಷದವರು ಬರುತ್ತಿದ್ದರು. ರಾಮ, ರಾವಣ, ಹನುಮನ ಬಣ್ಣ ಬಳಿದು, ಪೇಟಿ–ತಬಲಾ ನುಡಿಸುತ್ತ ಓಣಿ ತಿರುಗಿ, ಕೊನೆಯ ದಿನ ಮನೆಮನೆಯಿಂದ ಕಾಳುಕಡಿ ಇಸಿದುಕೊಂಡು ಮುಂದಿನ ಊರಿಗೆ ಹೋಗುತ್ತಿದ್ದರು. ಅದು ವೇಷವೆಂದು ಕಟ್ಟಿದವನಿಗೂ ಗೊತ್ತು, ನೋಡಿದವನಿಗೂ ಗೊತ್ತು. ಮೊಬೈಲ್ ರಂಗದಲ್ಲಿ ಕಟ್ಟಿದವನಿಗಷ್ಟೇ ಗೊತ್ತು. ಕಲೆಗೂ ಅಪರಾಧಕ್ಕೂ ನಡುವಿನ ಗೆರೆ ಇಲ್ಲೇ ಇದೆ.

ಈ ನಾಟಕದ ಬಲಿಯೂ ಉತ್ತರ ಕರ್ನಾಟಕದಲ್ಲಿ ಬಿದ್ದಿದೆ, ಅದನ್ನು ಸೋಲಿಸಿದವರೂ ಇಲ್ಲೇ ಇದ್ದಾರೆ. 2024ರ ಅಕ್ಟೋಬರ್ 27ರ ‘ಮನ್ ಕಿ ಬಾತ್’ನಲ್ಲಿ ಪ್ರಧಾನಿ ದೇಶಕ್ಕೆಲ್ಲ ಕೇಳಿಸಿದ ಧ್ವನಿಮುದ್ರಣ ವಿಜಯಪುರದ ವ್ಯಕ್ತಿಯೊಬ್ಬರದು. ನಕಲಿ ಪೊಲೀಸನ ಮಾತಿಗೆ ಹೆದರದೆ ಅವನ ವಿಡಿಯೊ ಕರೆಯನ್ನೇ ಅವರು ಮುದ್ರಿಸಿಕೊಂಡಿದ್ದರು. ಐದು ತಿಂಗಳು ಕಳೆದಿತ್ತು. 2025ರ ಮಾರ್ಚ್‌ನಲ್ಲಿ ಖಾನಾಪುರ ತಾಲ್ಲೂಕಿನ ಹಳ್ಳಿಯೊಂದರ ವೃದ್ಧ ದಂಪತಿ ಇಂಥದೇ ನಕಲಿ ಅಧಿಕಾರಿಗಳಿಗೆ 50 ಲಕ್ಷ ರೂಪಾಯಿಗೂ ಹೆಚ್ಚು ಕಳೆದುಕೊಂಡು ಪ್ರಾಣವನ್ನೇ ಬಿಟ್ಟರು. ಕಲಘಟಗಿಯಿಂದ ಖಾನಾಪುರ ಎಷ್ಟು ದೂರ? ಅದೇ ಮಳೆ, ಅದೇ ಕಾಡಂಚು. ನಮ್ಮ ಮಗ್ಗುಲ ಊರಿನಲ್ಲಿ ಎರಡು ಜೀವ ಹೋದ ಮೇಲೂ ಇದು ಪ್ಯಾಟಿ ಮಂದಿಯ ತಾಪತ್ರಯ ಎಂದುಕೊಂಡರೆ ಅದು ನಮ್ಮ ತಪ್ಪು.

ಕೇಂದ್ರ ಗೃಹ ಸಚಿವಾಲಯ ಸಂಸತ್ತಿಗೆ ಕೊಟ್ಟ ಲೆಕ್ಕದಂತೆ ಸೈಬರ್ ವಂಚನೆಗೆ ದೇಶ ಕಳೆದುಕೊಂಡದ್ದು 2023ರಲ್ಲಿ 7,465 ಕೋಟಿ ರೂಪಾಯಿ, 2024ರಲ್ಲಿ 22,845 ಕೋಟಿ. ಒಂದೇ ವರ್ಷದಲ್ಲಿ ಮೂರು ಪಟ್ಟು.

ನಾಟಕದ ಕಂಪನಿ ಎಲ್ಲಿದೆ? ಬಹುಪಾಲು ಮ್ಯಾನ್ಮಾರ್, ಕಾಂಬೋಡಿಯ, ಲಾವೋಸ್‌ಗಳಲ್ಲಿ. ಡೇಟಾ ಎಂಟ್ರಿ ಕೆಲಸವೆಂದು ನಂಬಿ ಹೋದ ಹುಡುಗರ ಪಾಸ್‌ಪೋರ್ಟ್ ಕಿತ್ತುಕೊಂಡು, ಕೈಗೆ ಬರೆದ ಸಂಭಾಷಣೆ ಕೊಟ್ಟು, ಹೊಡೆದು ಬಡಿದು ಪಾತ್ರ ಮಾಡಿಸುತ್ತಾರೆ. 2025ರ ಮಾರ್ಚ್‌ನಲ್ಲಿ ಭಾರತ ಸರ್ಕಾರ ವಾಯುಪಡೆಯ ವಿಮಾನಗಳಲ್ಲಿ ಥಾಯ್ಲೆಂಡಿನ ಗಡಿಯಿಂದ 549 ಭಾರತೀಯರನ್ನು ಕರೆತಂದಿತು. ಆ ಕಡೆ ಪೊಲೀಸನ ಪಾತ್ರ ಮಾಡುವವನೂ ಸೆರೆಯಾಳಾಗಿರಬಹುದು. ಇನ್ನು ಬಂದ ಹಣ ದಾಟಿಹೋಗುವುದು ನಮ್ಮಂಥ ಊರುಗಳ ಬಡ ಹುಡುಗರ ಬ್ಯಾಂಕ್ ಖಾತೆಗಳಿಂದ. ಪಾಸ್‌ಬುಕ್, ಎಟಿಎಂ ಕಾರ್ಡ್, ಸಿಮ್ ಕೊಟ್ಟರೆ ಕೆಲವು ಸಾವಿರ ಸಿಗುತ್ತದೆ ಎಂದು ಕೊಟ್ಟವನ ಬಾಗಿಲಿಗೆ ಮುಂದೊಂದು ದಿನ ಪರರಾಜ್ಯದ ಪೊಲೀಸರು ಬಂದು ನಿಲ್ಲುತ್ತಾರೆ. ಅವರು ಮಾತ್ರ ಅಸಲಿ ಪೊಲೀಸರು.

ನನಗೆ ಬೇಕಾದ ಕಂತು

ಸಾವು, ಸೆರೆ, ನಂಬಿಕೆ, ದ್ರೋಹ ಎಲ್ಲವೂ ಇರುವ ಈ ವಸ್ತುವನ್ನು ನಮ್ಮ ಕಿರುತೆರೆ ಎತ್ತಿಕೊಳ್ಳಬೇಕು. ಹಿಂದಿಯಲ್ಲಿ 2020ರಲ್ಲೇ ನೆಟ್‌ಫ್ಲಿಕ್ಸ್‌ನ ‘ಜಾಮತಾರಾ’ ಜಾರ್ಖಂಡ್‌ನ ಹಳ್ಳಿ ಹುಡುಗರ ಫೋನ್ ವಂಚನೆಯನ್ನು ಅವರದೇ ಮಾತಿನಲ್ಲಿ ತೋರಿಸಿತು. ಕನ್ನಡದಲ್ಲಿ ಅಂಥದ್ದನ್ನು ಧಾರವಾಡದ ಮಾತಿನಲ್ಲೇ ಮಾಡಬಹುದು, ಹೆಲಿಕಾಪ್ಟರೂ ಬೇಡ, ಹ್ಯಾಕರ್‌ನ ಕತ್ತಲ ಕೋಣೆಯೂ ಬೇಡ.

ಹೀಗೆ ಯೋಚಿಸಿ ನೋಡಿ. ಕುಂದಗೋಳದ ಒಂದು ಬ್ಯಾಂಕು, ಮಧ್ಯಾಹ್ನದ ಹೊತ್ತು. ನಿವೃತ್ತ ಮಾಸ್ತರರು ಠೇವಣಿ ರಸೀದಿ ಹಿಡಿದು ಕೌಂಟರಿನ ಮುಂದೆ ನಿಂತಿದ್ದಾರೆ. ಅಂಗಿಯ ಕಿಸೆಯಲ್ಲಿ ಮೊಬೈಲು, ಕರೆ ಇನ್ನೂ ಚಾಲೂ ಇದೆ.

“ಸರ್ರ, ಠೇವಣಿ ಮುಗ್ಯಾಕ ಇನ್ನ ಎಂಟ ತಿಂಗಳ ಐತಲ್ಲ, ಈಗ್ಯಾಕ ಮುರಸ್ತೀರಿ?”

“ಬೇಕಾಗೇತವಾ. ಸ್ವಲ್ಪ ಲಗೂನ ಮಾಡಿಕೊಡು.”

“ಇಷ್ಟೂ ರೊಕ್ಕ ಯಾರಿಗೆ ಕಳಸಾಕತ್ತೀರಿ?”

“ಬೀಗರಿಗೆ.”

“ಬೀಗರ ಖಾತೆ ಕಂಪನಿ ಹೆಸರ್ಲೆ ಯಾಕೈತ್ರಿ?”

ಮಾಸ್ತರರ ಕೈ ಕಿಸೆಯ ಕಡೆ ಹೋಗುತ್ತದೆ. ಆ ಹೆಣ್ಣುಮಗಳು ಅದನ್ನು ನೋಡುತ್ತಾಳೆ. ಮಾತು ನಿಲ್ಲಿಸಿ, ಆರ್‌ಟಿಜಿಎಸ್ ಚೀಟಿಯ ಬೆನ್ನಿಗೆ ‘ಫೋನ್ ಬಂದ್ ಮಾಡ್ರಿ’ ಎಂದು ಬರೆದು ಗಾಜಿನ ಕೆಳಗಿನಿಂದ ಸರಿಸುತ್ತಾಳೆ. ಈ ಕಥೆಯ ಪತ್ತೇದಾರಿಣಿ ಅವಳೇ. ಕಂಪ್ಯೂಟರ್ ವಿದ್ಯೆಯಿಂದ ಅಲ್ಲ, ಗಿರಾಕಿಯ ಮುಖ ನೋಡಿ ಅವಳು ಅಪರಾಧ ಹಿಡಿದಳು. ಅಮೆರಿಕದ ಕಂತಿನಲ್ಲಿ ಇಲ್ಲದ ಶಕ್ತಿ ಇದು, ನಮ್ಮ ತಾಲ್ಲೂಕು ಊರಿನಲ್ಲಿ ಇನ್ನೂ ಇದೆ.

ಬರೆಯುವವರಿಗೆ ಇನ್ನೊಂದು ಬಿನ್ನಹ. ಮೋಸ ಹೋದವನನ್ನು ದಡ್ಡನಂತೆ ತೋರಿಸಬೇಡಿ. ಓದಿದವರು, ಅಧಿಕಾರದಲ್ಲಿದ್ದವರು, ವೈದ್ಯರು ಎಲ್ಲರೂ ಈ ಬಲೆಗೆ ಬಿದ್ದಿದ್ದಾರೆ. ಕಾನೂನಿಗೆ ಅಂಜಿ ಬಾಳಿದ ಮರ್ಯಾದಸ್ಥನೇ ಖಾಕಿ ಕಂಡರೆ ಮೊದಲು ಹೆದರುವುದು. ಅವನ ಒಳ್ಳೆಯತನವೇ ಕಳ್ಳನಿಗೆ ಬಂಡವಾಳ. ಹಣ ಹೋದ ಮೇಲೆ ಮಂದಿ ಆಡಿಕೊಳ್ಳುತ್ತಾರೆಂಬ ನಾಚಿಕೆಗೆ ದೂರು ಕೊಡದವರೂ ಇದ್ದಾರೆ. ಟಿವಿ ಆ ನಾಚಿಕೆ ಕಳೆಯಬೇಕು, ಹೆಚ್ಚಿಸಬಾರದು.

ತನಿಖೆಯ ತೊಡಕನ್ನೂ ತೋರಿಸಲಿ. ಬೇರೆಯವರ ವೇಷದಲ್ಲಿ ಕಂಪ್ಯೂಟರ್, ಮೊಬೈಲ್ ಮೂಲಕ ವಂಚಿಸುವುದು ಐಟಿ ಕಾಯ್ದೆಯ 66ಡಿ ಕಲಮಿನಡಿ ಮೂರು ವರ್ಷದವರೆಗೆ ಜೈಲು, ಒಂದು ಲಕ್ಷ ರೂಪಾಯಿಯವರೆಗೆ ದಂಡ ಬೀಳುವ ಅಪರಾಧ. ಆದರೆ ಅದೇ ಕಾಯ್ದೆಯ 78ನೇ ಕಲಮಿನಂತೆ ಇನ್‌ಸ್ಪೆಕ್ಟರ್ ದರ್ಜೆಗಿಂತ ಕೆಳಗಿನವರು ಇದರ ತನಿಖೆ ಮಾಡುವಂತಿಲ್ಲ. ಪಿಎಸ್‌ಐ ಒಬ್ಬರೇ ಇರುವ ಹಳ್ಳಿಯ ಠಾಣೆಯಿಂದ ಕಡತ ಜಿಲ್ಲೆಯ ಸಿಇಎನ್ (ಸೈಬರ್, ಆರ್ಥಿಕ, ಮಾದಕ ವಸ್ತು ಅಪರಾಧ) ಠಾಣೆಗೆ ಹೋಗಬೇಕು. ಅಷ್ಟರಲ್ಲಿ ಹಣ ಹತ್ತು ಖಾತೆ ದಾಟಿರುತ್ತದೆ. ಕರ್ನಾಟಕ 2025ರಲ್ಲಿ ಪ್ರತ್ಯೇಕ ಸೈಬರ್ ಕಮಾಂಡ್ ಘಟಕ ಕಟ್ಟಿದೆ, ಸ್ವಾಗತ. ಅದರ ಬಲ ಅಣ್ಣಿಗೇರಿ, ನವಲಗುಂದದ ಠಾಣೆಯ ಮೇಜಿನವರೆಗೆ ಇಳಿಯಬೇಕು. ಹೆಸರು, ಕಡಲೆ, ಹತ್ತಿ ಮಾರಿದ ಹಣ ಖಾತೆಗೆ ಬೀಳುವ ತಿಂಗಳುಗಳಲ್ಲಿ ಎಪಿಎಂಸಿ ಅಂಗಳದಲ್ಲೇ ಪೊಲೀಸರೂ ಬ್ಯಾಂಕಿನವರೂ ನಿಂತು ಹೇಳಬೇಕು.

ಓದುಗರೇ, ಧಾರಾವಾಹಿ ಬರುವತನಕ ಕಾಯುವ ಮಾತಲ್ಲ ಇದು. ಭಾರತದ ಯಾವ ಕಾನೂನಿನಲ್ಲೂ ವಿಡಿಯೊ ಕರೆಯ ಬಂಧನವಿಲ್ಲ. ಯಾವ ಪೊಲೀಸನೂ, ಯಾವ ನ್ಯಾಯಾಧೀಶರೂ ಫೋನಿನಲ್ಲಿ ಹಣ ಕೇಳುವುದಿಲ್ಲ. ಕರೆ ಬಂದರೆ ಕಡಿದು ಹಾಕಿ, ಮನೆಯಲ್ಲಿ ಒಬ್ಬರಿಗಾದರೂ ಹೇಳಿ. ಹಣ ಹೋಗಿದ್ದರೆ ಆ ಗಳಿಗೆಯಲ್ಲೇ 1930ಕ್ಕೆ ಫೋನ್ ಮಾಡಿ. ಮುಂದಿನ ಖಾತೆಯಲ್ಲಿ ಇನ್ನೂ ಉಳಿದಿರುವ ಹಣವನ್ನು ತಡೆಹಿಡಿಯುವ ಏರ್ಪಾಡು ಆ ಸಂಖ್ಯೆಯ ಹಿಂದೆ ಇದೆ. ಇವತ್ತು ಸಂಜೆಯೇ ನಿಮ್ಮ ಅಪ್ಪ–ಅವ್ವ, ಅಜ್ಜ–ಅಮ್ಮರ ಮೊಬೈಲಿನಲ್ಲಿ ಆ ನಾಲ್ಕು ಅಂಕಿಗಳನ್ನು ಹಾಕಿಕೊಡಿ, ಯಾಕೆಂಬುದನ್ನೂ ಕೂತು ಹೇಳಿ.