ಕಾರಿನ ಪಹಣಿ

ದೇವನಹಳ್ಳಿ ತಾಲ್ಲೂಕಿನ ಚನ್ನರಾಯಪಟ್ಟಣ ಹೋಬಳಿಯಲ್ಲಿ ಹೊಲ ಇರುವ ಯಾವ ಮನೆಗೆ ಹೋದರೂ ಬೀರುವಿನಲ್ಲೋ ಹಳೇ ಟ್ರಂಕಿನಲ್ಲೋ ಒಂದು ಪ್ಲಾಸ್ಟಿಕ್ ಕವರು ಇದ್ದೇ ಇರುತ್ತದೆ. ಅದರೊಳಗೆ ಪಹಣಿ, ಮ್ಯುಟೇಷನ್, ಕ್ರಯಪತ್ರ, ಇಸಿ, ವಂಶವೃಕ್ಷ. 13 ಹಳ್ಳಿಗಳ 1,777 ಎಕರೆ ಭೂಸ್ವಾಧೀನದ ವಿರುದ್ಧ 2022ರ ಏಪ್ರಿಲ್‌ನಲ್ಲಿ ಧರಣಿ ಕೂತು, 2025ರ ಜುಲೈನಲ್ಲಿ ಸರ್ಕಾರ ಯೋಜನೆ ಕೈಬಿಡುವವರೆಗೂ ಜಗ್ಗದ ಸೀಮೆ ಇದು. ಮಣ್ಣಿನಷ್ಟೇ ಕಾಗದವೂ ಮುಖ್ಯ ಎಂದು ಇಲ್ಲಿಯವರಿಗೆ ಯಾರೂ ಹೇಳಿಕೊಡಬೇಕಿಲ್ಲ.

ಈ ಸೀಮೆಗೆ ಹತ್ತಿರದ ಬಳ್ಳಾರಿ ರಸ್ತೆಯಲ್ಲಿ ಭಾನುವಾರ ಬೆಳಗಿನ ಜಾವ ನಂದಿಬೆಟ್ಟದ ಕಡೆಗೆ ಬೆಂಗಳೂರಿನ ಕಾರುಪ್ರಿಯರು ಹೊರಡುತ್ತಾರೆ. ಹೊಸ ಕಾರುಗಳ ನಡುವೆ ಒಮ್ಮೊಮ್ಮೆ ಎರಡೇ ಸೀಟಿನ, ಮೇಲ್ಛಾವಣಿ ಇಲ್ಲದ, ದೊಡ್ಡ ಕಣ್ಣಿನಂಥ ದೀಪಗಳ ಹಳೇ ಗಾಡಿಯೂ ಗುಡುಗುತ್ತಾ ಹೋಗುತ್ತದೆ. ಟೀ ಅಂಗಡಿ ಮುಂದೆ ನಿಂತರೆ ಜನ ಸುತ್ತುವರಿದು ಕೇಳುವುದು ಎರಡೇ ಪ್ರಶ್ನೆ: ಯಾವ ಕಾಲದ್ದು? ಏನು ಬೆಲೆ ಬಾಳುತ್ತೆ? ಇಂಥ ಕಾರುಗಳ ವ್ಯವಹಾರದಲ್ಲಿ ಪಳಗಿದವರ ಪ್ರಶ್ನೆ ಬೇರೆ. ಇದರ ಕಾಗದಪತ್ರ ಏನಿದೆ? ಯಾವ ರೇಸಿನಲ್ಲಿ ಓಡಿತ್ತು, ಯಾರು ಓಡಿಸಿದ್ದರು, ಅಂದು ಓಡಿದ್ದು ಇದೇ ಗಾಡಿ ಅನ್ನುವುದಕ್ಕೆ ಸಾಕ್ಷಿ ಏನು?

ಬೆಲೆ ನಿಲ್ಲುವುದು ಈ ಕೊನೆಯ ಪ್ರಶ್ನೆಯ ಮೇಲೆ. ಇಟಲಿಯ ಫೆರಾರಿ ಕಂಪನಿ 1962ರಿಂದ 1964ರವರೆಗೆ '250 ಜಿಟಿಒ' ಎಂಬ ರೇಸಿಂಗ್ ಕಾರನ್ನು ತಯಾರಿಸಿತು. ಒಟ್ಟು ಸಂಖ್ಯೆ 36. ಅವುಗಳಲ್ಲೊಂದು, 3413 ನಂಬರಿನ ಚಾಸಿಯದು, 2018ರ ಆಗಸ್ಟ್‌ನಲ್ಲಿ ಅಮೆರಿಕದ ಹರಾಜೊಂದರಲ್ಲಿ 4.84 ಕೋಟಿ ಡಾಲರಿಗೆ ಹೋಯಿತು. 1962ರಲ್ಲಿ ಇಟಲಿಯ ರಾಷ್ಟ್ರೀಯ ಜಿಟಿ ಚಾಂಪಿಯನ್‌ಷಿಪ್ ಗೆದ್ದ ಕಾರು ಅದು, ಗೆದ್ದದ್ದಕ್ಕೆ ದಾಖಲೆಯೂ ಇತ್ತು. ಅದೇ ಕಂಪನಿ ಅದೇ ಕಾಲದಲ್ಲಿ ಮಾಡಿದ ನಾಲ್ಕು ಸೀಟಿನ '250 ಜಿಟಿಇ' ಕಾರಿನ ಗತಿ ನೋಡಿ. ಅದರ ಚಾಸಿ ಮೋಟು ಮಾಡಿ, ಬಾಡಿ ಕಿತ್ತು, ಮೇಲೆ ಜಿಟಿಒ ಆಕಾರದ ತಗಡು ಹೊದಿಸಿದ ನಕಲುಗಳು ಲೋಕದಲ್ಲಿ ಬೇಕಾದಷ್ಟಿವೆ. ಎಂಜಿನ್ ಸದ್ದೂ ಹತ್ತಿರ ಹತ್ತಿರ ಅದೇ. ಬೆಲೆಯಲ್ಲಿ ಮಾತ್ರ ಅಜಗಜಾಂತರ.

ಹುಡುಕಾಟ ಶುರುವಾಗುವುದು ಚಾಸಿ ನಂಬರಿನಿಂದ. ಜಮೀನಿಗೆ ಸರ್ವೆ ನಂಬರು ಹೇಗೋ ಕಾರಿಗೆ ಇದು ಹಾಗೆ. ಆರ್‌ಟಿಒ ಕಚೇರಿಗೆ ಗಾಡಿ ವರ್ಗಾವಣೆಗೆ ಹೋದವರಿಗೆ ಈ ಕೆಲಸ ಗೊತ್ತಿರುತ್ತದೆ. ಚಾಸಿಯ ಮೇಲೆ ಕಾಗದ ಇಟ್ಟು ಪೆನ್ಸಿಲ್ ಉಜ್ಜಿದರೆ ಕೊರೆದ ಅಂಕಿಗಳು ಕಾಗದದಲ್ಲಿ ಮೂಡುತ್ತವೆ. ಹಳೇ ರೇಸ್ ಕಾರಿನ ಪರೀಕ್ಷಕರು ಮಾಡುವುದೂ ಮೊದಲಿಗೆ ಇದನ್ನೇ. ಆಮೇಲೆ ಅಂಕಿಯ ಎತ್ತರ, ಅಂಕಿಗಳ ನಡುವಿನ ಅಂತರ, 4 ಮತ್ತು 7ರ ಬಾಲದ ವಾಲಿಕೆ ಇವನ್ನೆಲ್ಲ ಅದೇ ಕಾರ್ಖಾನೆಯಿಂದ ಬಂದ ಇತರ ಕಾರುಗಳ ಅಂಕಿಗಳಿಗೆ ಹೋಲಿಸುತ್ತಾರೆ. ಆಗಿನ ಅಚ್ಚುಗಳನ್ನು ಕೆಲಸಗಾರರು ಸುತ್ತಿಗೆಯಿಂದ ಹೊಡೆದು ಕೂರಿಸುತ್ತಿದ್ದರು. ತೀರಾ ಅಚ್ಚುಕಟ್ಟಾಗಿ ಒಂದೇ ಸಾಲಿನಲ್ಲಿ ಕೂತ ಅಂಕಿಗಳನ್ನು ಕಂಡರೆ ಅನುಭವಿಗಳಿಗೆ ಅನುಮಾನ ಬರುವುದೇ ಹೆಚ್ಚು.

ಹಳೇ ನಂಬರನ್ನು ಅರೆದು ಅಳಿಸಿ ಹೊಸದು ಹೊಡೆದಿದ್ದರೆ? ಕದ್ದ ಬೈಕಿನ ನಂಬರನ್ನು ನಮ್ಮ ವಿಧಿವಿಜ್ಞಾನ ಪ್ರಯೋಗಾಲಯಗಳು ಪತ್ತೆ ಮಾಡುವ ಉಪಾಯವೇ ಇಲ್ಲೂ ನಡೆಯುತ್ತದೆ. ಅಚ್ಚು ಹೊಡೆದಾಗ ಅಂಕಿಯ ಕೆಳಗಿನ ಲೋಹದ ಕಣಗಳೂ ಅದುಮಿಕೊಂಡಿರುತ್ತವೆ. ಮೇಲ್ಮೈ ಅರೆದರೂ ಆ ಒತ್ತಡದ ಗುರುತು ಆಳದಲ್ಲಿ ಉಳಿಯುತ್ತದೆ. ತಕ್ಕ ಆಮ್ಲ ಸವರಿದರೆ ಒತ್ತು ಬಿದ್ದ ಜಾಗ ಬೇರೆ ವೇಗದಲ್ಲಿ ಸವೆದು, ಅಳಿದುಹೋದ ಅಂಕಿ ಮಂಕಾಗಿ ಎದ್ದು ಬರುತ್ತದೆ.

ಇಷ್ಟಾದರೂ ನಂಬರೊಂದನ್ನೇ ನೆಚ್ಚಿಕೊಂಡರೆ ಮೋಸ ಹೋಗಬಹುದು. ರೇಸಿಂಗ್ ತಂಡಗಳೇ ನಂಬರು ಅದಲುಬದಲು ಮಾಡಿದ್ದುಂಟು. ಯೂರೋಪಿನಲ್ಲಿ ಗಡಿ ದಾಟುವ ಪ್ರತಿ ಕಾರಿಗೂ ಸುಂಕದವರ ಪರವಾನಗಿ ಪತ್ರ ಬೇಕಿತ್ತು, ಅದರಲ್ಲಿ ಚಾಸಿ ನಂಬರು ನಮೂದಾಗಿರುತ್ತಿತ್ತು. ಪತ್ರ ಇರುವ ಕಾರು ಅಪಘಾತದಲ್ಲಿ ಜಜ್ಜಿಹೋಗಿ, ಮುಂದಿನ ವಾರ ಬೇರೆ ದೇಶದಲ್ಲಿ ಓಟವಿದ್ದರೆ ಮೆಕ್ಯಾನಿಕ್‌ಗಳು ಹಳೇ ಕಾರಿನ ಚಾಸಿ ನಂಬರಿನ ತಗಡನ್ನು ಬಿಚ್ಚಿ ಇನ್ನೊಂದಕ್ಕೆ ಬಿಗಿದು ಹೊರಟುಬಿಡುತ್ತಿದ್ದರು. ಅವರಿಗೆ ಬೇಕಾಗಿದ್ದದ್ದು ಭಾನುವಾರ ಓಟದ ಗೆರೆಯಲ್ಲಿ ಒಂದು ಕಾರು. 50 ವರ್ಷದ ಮೇಲೆ ಯಾರೋ ಭೂತಗನ್ನಡಿ ಹಿಡಿದು ಬರುತ್ತಾರೆಂದು ಅವರು ಎಣಿಸಿರಲಿಲ್ಲ.

ಹಾಗಾಗಿ ನಂಬರಿನ ಜೊತೆಗೆ ಮಿಕ್ಕ ದಾಖಲೆಗಳನ್ನೂ ಪೋಣಿಸಬೇಕು. ಕಾರ್ಖಾನೆಯ ಲೆಡ್ಜರಿನಲ್ಲಿ ಕಾರು ಯಾವ ದಿನ ಹೊರಬಿತ್ತು, ಎಂಜಿನ್ ನಂಬರು ಏನು, ಬಣ್ಣ ಯಾವುದು, ಮೊದಲು ಯಾರಿಗೆ ಹೋಯಿತು ಎಂದು ಬರೆದಿರುತ್ತಾರೆ. ಜಾಗ್ವಾರ್‌ನಂಥ ಕಂಪನಿಗಳ ಹಳೇ ಲೆಡ್ಜರುಗಳನ್ನು ಜೋಪಾನ ಮಾಡಿರುವ ಟ್ರಸ್ಟುಗಳು ಅವುಗಳ ಆಧಾರದ ಮೇಲೆ ಪ್ರಮಾಣಪತ್ರ ಕೊಡುತ್ತವೆ. ರೇಸ್ ನಡೆಸಿದ ಕ್ಲಬ್ಬಿನ ಪ್ರವೇಶಪಟ್ಟಿ, ಓಟಕ್ಕೆ ಮುಂಚಿನ ತಪಾಸಣೆಯ ಚೀಟಿ, ವಿಮೆಯ ಕಾಗದ, ರಿಪೇರಿ ಬಿಲ್ಲು ಇವೆಲ್ಲ ಆಮೇಲೆ ಬರುತ್ತವೆ.

ಇನ್ನೊಂದು ಸಾಕ್ಷಿ ಫೋಟೊ. ಕ್ರಯಪತ್ರದಲ್ಲಿ ಚಕ್ಕುಬಂದಿ ಓದಿಕೊಂಡು ಬದುವಿನ ಹುಣಸೇಮರ ಹುಡುಕಿದ ಹಾಗೆ, ಪರೀಕ್ಷಕರು ಅಂದಿನ ರೇಸಿನ ಕಪ್ಪುಬಿಳುಪು ಚಿತ್ರ ಹಿಡಿದು ಕಾರಿನ ಸುತ್ತ ತಿರುಗುತ್ತಾರೆ. ಬಾನೆಟ್ಟಿನ ಮೇಲಿನ ಗಾಳಿಗಿಂಡಿ ಎಷ್ಟು? ರಿವೆಟ್ಟುಗಳ ಸಾಲು ಎಲ್ಲಿ ಸೊಟ್ಟಗಾಗಿದೆ? ಕೈಯಲ್ಲಿ ಬಡಿದು ಮಾಡಿದ ಬಾಡಿಗಳಲ್ಲಿ ಒಂದರಂತೆ ಇನ್ನೊಂದಿರುವುದಿಲ್ಲ. ಟಿಂಕರಿಂಗ್ ಮಾಡಿದವನ ಕೈತಪ್ಪೇ ಎಷ್ಟೋ ವರ್ಷದ ಮೇಲೆ ಕಾರಿನ ಗುರುತಾಗಿ ಒದಗುತ್ತದೆ.

ಹಾಗಾದರೆ ಒಂದೊಂದೇ ಭಾಗ ಬದಲಾಗುತ್ತ ಬಂದು ಕೊನೆಗೆ ಮೂಲದ್ದು ಏನೂ ಉಳಿಯದಿದ್ದರೆ ಅದು ಅದೇ ಕಾರೇ? ಈ ಪ್ರಶ್ನೆ 1990ರಲ್ಲಿ ಲಂಡನ್ನಿನ ಹೈಕೋರ್ಟ್ ಮೆಟ್ಟಿಲೇರಿತು. 'ಓಲ್ಡ್ ನಂಬರ್ ಒನ್' ಎಂದು ಹೆಸರಾದ ಬೆಂಟ್ಲಿ ಸ್ಪೀಡ್ ಸಿಕ್ಸ್ ಕಾರು ಫ್ರಾನ್ಸಿನ ಲ ಮಾನ್ಸ್‌ನ 24 ಗಂಟೆಗಳ ಓಟವನ್ನು 1929 ಮತ್ತು 1930ರಲ್ಲಿ ಸಾಲಾಗಿ ಎರಡು ಸಲ ಗೆದ್ದಿತ್ತು. ಎರಡೂ ಬಾರಿ ಚಾಲಕರಲ್ಲಿ ಒಬ್ಬ ವುಲ್ಫ್ ಬರ್ನಾಟೊ. ಮುಂದೆ ಅದೇ ಕಾರಿಗೆ ಬೇರೆ ಎಂಜಿನ್ ಬಂತು, ಚಾಸಿ ಬದಲಾಯಿತು. 1932ರಲ್ಲಿ ಬ್ರೂಕ್‌ಲ್ಯಾಂಡ್ಸ್ ಟ್ರ್ಯಾಕಿನಲ್ಲಿ ಅಪಘಾತವಾಗಿ ಚಾಲಕ ಕ್ಲೈವ್ ಡನ್‌ಫೀ ತೀರಿಕೊಂಡ. ಅದಾದ ಮೇಲೆ ಮತ್ತೆ ಕಟ್ಟಿದರು. ದಶಕಗಳ ನಂತರ ಮಾಲೀಕರು ಅದನ್ನು 1 ಕೋಟಿ ಪೌಂಡಿಗೆ ಒಂದು ಕಂಪನಿಗೆ ಮಾರಲು ಒಪ್ಪಂದ ಮಾಡಿಕೊಂಡರು. ಆಮೇಲೆ ಕೊಳ್ಳುವವರು 'ಇದು ಅಸಲಿ ಕಾರಲ್ಲ' ಎಂದು ಹಿಂದೆ ಸರಿದರು.

ನ್ಯಾಯಮೂರ್ತಿ ಆಟನ್ ಮುಂದೆ ಪರಿಣತರು ನಟ್ಟು ಬೋಲ್ಟಿನ ಲೆಕ್ಕ ಸಮೇತ ವಾದಿಸಿದರು. 1929ರ ಕಾರಿನದು ಎನ್ನಲು ಉಳಿದದ್ದು ಬಿಡಿ ಸಾಮಾನಷ್ಟೇ ಎಂಬುದು ವಿಚಾರಣೆಯಲ್ಲಿ ಗೊತ್ತಾಯಿತು. ಆದರೂ ತೀರ್ಪು ಮಾರಾಟಗಾರರ ಪರ ಬಂತು. ಮೂಲಸ್ಥಿತಿಯ ಕಾರು ಎಂದು ಇದನ್ನು ಕರೆಯಲಾಗದು, ಆದರೆ ಬದಲಾವಣೆಗಳು ಒಂದೇ ಏಟಿಗೆ ಆಗದೆ ಹಂತಹಂತವಾಗಿ ಆಗಿವೆ, ನಡುವೆ ಎಳೆ ತುಂಡಾಗಿಲ್ಲ, ಈ ಹೆಸರಿಗೆ ಹಕ್ಕು ಹೇಳಬಲ್ಲ ಬೇರೆ ಕಾರೂ ಇಲ್ಲ ಎಂಬುದು ತೀರ್ಪಿನ ತಿರುಳು.

ಈ ತೀರ್ಪು ದೇವನಹಳ್ಳಿ ಪಕ್ಕದ ದೊಡ್ಡಬಳ್ಳಾಪುರದ ಕಡೆಯವರಿಗೆ ಅಷ್ಟೇನೂ ವಿಚಿತ್ರ ಅನ್ನಿಸಲಾರದು. ಊರ ತೇರಿನ ಗಾಲಿ ಸವೆದರೆ ಹೊಸ ಗಾಲಿ, ಅಚ್ಚು ಮುರಿದರೆ ಹೊಸ ಅಚ್ಚು, ಮರ ಹುಳು ತಿಂದರೆ ಹೊಸ ಮರ. ಮುಂದಿನ ವರ್ಷದ ಜಾತ್ರೆಗೆ ಎಳೆಯುವುದು ಮಾತ್ರ ಅದೇ ತೇರನ್ನೇ. ಹಳೇ ತೇರನ್ನು ಬಿಚ್ಚಿದಾಗ ಒಬ್ಬ ಗಾಲಿ ಹೊತ್ತೊಯ್ದು, ಇನ್ನೊಬ್ಬ ಕಳಶ ಹೊತ್ತೊಯ್ದು, ಇಬ್ಬರೂ ಬೇರೆ ಬೇರೆ ತೇರು ಕಟ್ಟಿ 'ನಮ್ಮದೇ ಹಳೆಯದು' ಎಂದರೆ ಆಗ ನಿಜವಾದ ತಕರಾರು.

ರೇಸ್ ಕಾರುಗಳಲ್ಲಿ ಇಂಥ ಪೋಡಿ ವ್ಯಾಜ್ಯ ಅಪರೂಪವೇನಲ್ಲ. ಜಜ್ಜಿಹೋದ ಚಾಸಿ ಒಬ್ಬರ ಶೆಡ್ಡಿನಲ್ಲಿ, ಎಂಜಿನ್ ಇನ್ನೊಂದು ಖಂಡದಲ್ಲಿ. ಎರಡರ ಸುತ್ತಲೂ ಒಂದೊಂದು ಕಾರು ಎದ್ದು ನಿಲ್ಲುತ್ತದೆ, ಎರಡಕ್ಕೂ ಒಂದೇ ನಂಬರು. 1954ರ ಫೆರಾರಿ 375 ಪ್ಲಸ್, 0384 ನಂಬರಿನದು, ಅಮೆರಿಕ ಸೇರಿ, ರೇಸಿಂಗ್ ಮುಗಿಸಿ ಒಹಾಯೊದಲ್ಲಿ ಪಾಳು ಬಿದ್ದಿತ್ತು. ಅಲ್ಲಿಂದ ಅದರ ಅವಶೇಷ ಕಳುವಾಗಿ ಯೂರೋಪ್ ಸೇರಿ, ಅಲ್ಲಿ ಪೂರ್ಣ ಕಾರಾಗಿ ಮರುಹುಟ್ಟು ಪಡೆಯಿತು. ಬಿಡಿಭಾಗಗಳು ಕೆಲವು ಅಮೆರಿಕದಲ್ಲೇ ಉಳಿದಿದ್ದವು. ಎರಡೂ ಕಡೆಯವರು ವರ್ಷಗಟ್ಟಲೆ ಜಗ್ಗಾಡಿ ಕೊನೆಗೆ ರಾಜಿಯಾದ ಮೇಲೆ 2014ರಲ್ಲಿ ಇಂಗ್ಲೆಂಡಿನಲ್ಲಿ ಕಾರು 1 ಕೋಟಿ ಪೌಂಡಿಗೂ ಹೆಚ್ಚಿಗೆ ಹರಾಜಾಯಿತು. ಅಲ್ಲಿಗೂ ಮುಗಿಯದೆ ಮತ್ತೆ ಕೋರ್ಟು ಕಂಡಿತು.

ನಮ್ಮ ಕಡೆಗೆ ಬಂದರೆ, ದಕ್ಷಿಣ ಭಾರತದ ರೇಸಿಂಗ್‌ಗೆ ದಶಕಗಳ ಕಾಲ ನೆಲೆ ಒದಗಿಸಿದ್ದು ಮದ್ರಾಸಿನ ಹೊರಗಿನ ಶೋಳಾವರಂ. ಎರಡನೇ ಮಹಾಯುದ್ಧದ ಕಾಲದ ಆ ವಿಮಾನಪಟ್ಟಿಯಲ್ಲಿ 1953ರಲ್ಲಿ ಹುಟ್ಟಿದ ಮದ್ರಾಸ್ ಮೋಟಾರ್ ಸ್ಪೋರ್ಟ್ಸ್ ಕ್ಲಬ್ ಓಟಗಳನ್ನು ನಡೆಸುತ್ತಿತ್ತು. ಬೆಂಗಳೂರಿನಿಂದ ಅಲ್ಲಿಗೆ ಹೋಗಿ ಸ್ಪರ್ಧಿಸಿದವರು ಅನೇಕರು. ಉದ್ಯಮಿ ವಿಜಯ್ ಮಲ್ಯ 1980ರ ದಶಕದ ಆರಂಭದಲ್ಲಿ ಬ್ರಿಟನ್ನಿನ ಎನ್‌ಸೈನ್ ತಂಡದ ಹಳೇ ಫಾರ್ಮುಲಾ ಒನ್ ಕಾರನ್ನೇ ತರಿಸಿ ಶೋಳಾವರಂನಲ್ಲಿ ಓಡಿಸಿದರು. ಸ್ವಿಟ್ಜರ್ಲೆಂಡಿನ ಖ್ಯಾತ ಚಾಲಕ ಕ್ಲೇ ರೆಗಝೋನಿ ಹಿಂದೆ ಇದೇ ತಂಡಕ್ಕೆ ಓಡಿಸಿದ್ದರು. 'ರೆಗಝೋನಿ ಕಾರು' ಎಂದು ಬಾಯಿಮಾತಿನಲ್ಲಿ ಹೇಳಿಬಿಡುವುದು ಸುಲಭ. ಯಾವ ಚಾಸಿ, ಯಾವ ವರ್ಷ, ಯಾವ ಓಟ ಎಂದು ಕೇಳಿದಾಗ ತಂಡದ ದಾಖಲೆ, ಹಡಗಿನ ಕಾಗದ, ಮದ್ರಾಸಿನ ಅಂದಿನ ಪತ್ರಿಕೆ ಎಲ್ಲವನ್ನೂ ಎದುರಿಗೆ ಹರಡಬೇಕಾಗುತ್ತದೆ. ಯೂರೋಪಿನಲ್ಲಿ ಬರೆದ ಕಾರಿನ ಚರಿತ್ರೆಗೆ ಶೋಳಾವರಂನ ಪುಟ ಸೇರುವುದು ಹೀಗೆ.

ಭಾರತದಲ್ಲಿ ಹಳೇ ಕಾರಿಗೆ ಕಥೆಗಳ ಕೊರತೆ ಎಂದೂ ಇರಲಿಲ್ಲ. ಮೈಸೂರು ಮಹಾರಾಜರು ರೋಲ್ಸ್ ರಾಯ್ಸ್ ಕಾರುಗಳನ್ನು ಒಂದೇ ಸಲಕ್ಕೆ ಏಳೇಳು ಕೊಳ್ಳುತ್ತಿದ್ದರು, ಅದಕ್ಕೇ ಕಂಪನಿಯವರಲ್ಲಿ 'ಮೈಸೂರು ಮಾಡುವುದು' ಎಂಬ ಮಾತೇ ಹುಟ್ಟಿತು ಎಂದು ಕಾರುಪ್ರಿಯರು ಇಂದಿಗೂ ಹೇಳುತ್ತಾರೆ. ಇಂಥ ಮಾತಿನ ಬಲದಿಂದ ಎಷ್ಟೋ ಗಾಡಿಗಳಿಗೆ ಅರಮನೆಯ ನಂಟು ಅಂಟಿಕೊಂಡಿದೆ. ಶಿವಾಜಿನಗರದ ಗುಜರಿಯಲ್ಲಿ ಒಂದು ದೀಪ, ಜೆ.ಸಿ. ರಸ್ತೆಯಲ್ಲಿ ಒಂದು ಕಾರ್ಬುರೇಟರ್ ಹುಡುಕಿ ಗಾಡಿ ಓಡುವಂತೆ ಮಾಡಬಹುದು. ಅರಮನೆಯ ಬಿಲ್ಲು ಮಾತ್ರ ಯಾವ ಗುಜರಿಯಲ್ಲೂ ಸಿಗುವುದಿಲ್ಲ.

ಸರ್ಕಾರವೂ ಈಗ ಕಾಗದ ಕೇಳುತ್ತದೆ. 2021ರ ಜುಲೈನಲ್ಲಿ ಕೇಂದ್ರ ಸಾರಿಗೆ ಸಚಿವಾಲಯ ವಿಂಟೇಜ್ ವಾಹನಗಳಿಗೆ ಪ್ರತ್ಯೇಕ ನಿಯಮ ತಂದಿತು. ವಾಹನಕ್ಕೆ 50 ವರ್ಷ ದಾಟಿರಬೇಕು, ಚಾಸಿ, ಬಾಡಿ, ಎಂಜಿನ್‌ಗಳಲ್ಲಿ ದೊಡ್ಡ ಮಾರ್ಪಾಡು ಆಗಿರಬಾರದು. ಹೊಸ ನೋಂದಣಿಗೆ ಶುಲ್ಕ 20,000 ರೂಪಾಯಿ, ಅವಧಿ 10 ವರ್ಷ. ನಂಬರ್ ಪ್ಲೇಟಿನಲ್ಲಿ ರಾಜ್ಯದ ಅಕ್ಷರಗಳ ಪಕ್ಕ 'ವಿಎ' ಎಂದಿರುತ್ತದೆ. ಪ್ರದರ್ಶನ, ರ‍್ಯಾಲಿ, ರಿಪೇರಿಯಂಥ ಕೆಲಸಗಳಿಗೆ ರಸ್ತೆಗಿಳಿಸಬಹುದೇ ಹೊರತು ದಿನವೂ ಓಡಿಸುವಂತಿಲ್ಲ. ಅರ್ಜಿಯ ಜೊತೆ ಹಳೇ ಆರ್‌ಸಿ ಬೇಕು, ಹೊರದೇಶದಿಂದ ತಂದಿದ್ದರೆ ಸುಂಕದ ಕಾಗದ ಬೇಕು.

ಆದ್ದರಿಂದ ತಾತನ ಕಾಲದ ಗಾಡಿಯೊಂದು ತೋಟದ ಶೆಡ್ಡಿನಲ್ಲಿ ಹುಲ್ಲಿನ ಕೆಳಗೆ ಸಿಕ್ಕಿತು ಅನ್ನಿ. ಬಣ್ಣ ಬಳಿಯುವವರನ್ನು ಕರೆಯುವುದು ಆಮೇಲಿನ ಮಾತು. ಹಳೇ ಬಣ್ಣದ ಪದರಗಳೂ ಸಾಕ್ಷಿಯೇ, ಉಜ್ಜಿ ತೆಗೆದರೆ ಮತ್ತೆ ಬರುವುದಿಲ್ಲ. ಮೊದಲು ಚಾಸಿಯ ಮೇಲಿನ ಮಣ್ಣನ್ನು ಮೆತ್ತಗಿನ ಬಟ್ಟೆಯಲ್ಲಿ ಒರೆಸಿ ಪೆನ್ಸಿಲಿನಿಂದ ನಂಬರು ತೆಗೆದುಕೊಳ್ಳಬೇಕು. ನಂಬರ್ ಪ್ಲೇಟಿನಲ್ಲಿ 'ಎಂವೈ' ಎಂಬ ಮೈಸೂರು ರಾಜ್ಯದ ಕಾಲದ ಅಕ್ಷರಗಳಿದ್ದರೆ ಕೀಳದೆ ಹಾಗೇ ಬಿಡಬೇಕು. ಸೀಟಿನ ಕೆಳಗೆ ಕೈ ಹಾಕಿದರೆ ಪೆಟ್ರೋಲ್ ಬಂಕಿನ ಚೀಟಿಯೋ ರೇಸಿನ ಪಾಸೋ ಸಿಕ್ಕೀತು. ಅದನ್ನೂ ಬೀರುವಿನ ಆ ಪ್ಲಾಸ್ಟಿಕ್ ಕವರಿಗೆ, ಪಹಣಿಯ ಪಕ್ಕಕ್ಕೆ ಸೇರಿಸಿಟ್ಟರೆ ಮುಂದೆ ಕಾರು ನೋಡಲು ಬಂದವರು ಮೊದಲು ಕೇಳುವುದು ಆ ಕವರನ್ನೇ.