ನಕ್ಷತ್ರಮೀನು ಮತ್ತು ಅದರ ಬಳಗ

ಗೆಳೆಯರೇ, ದಸರಾ ರಜೆಯಲ್ಲಿ ನಾನು ಕಾರವಾರದ ಅತ್ತೆ ಮನೆಗೆ ಹೋಗಿದ್ದೆ. ಬೆಳಿಗ್ಗೆ ಮೀನುಗಾರರು ಬಲೆ ಎಳೆದು, ಮೀನು ಆರಿಸಿಕೊಂಡು, ಬೇಡದ್ದನ್ನು ಮರಳಿನ ಮೇಲೆ ಬಿಟ್ಟು ಹೋದರು. ಅದರಲ್ಲೊಂದು ನಕ್ಷತ್ರಮೀನು ಇತ್ತು. ತಿರುಗಿಸಿ ನೋಡಿದರೆ ಸಣ್ಣ ಸಣ್ಣ ಕಾಲುಗಳು ಅಲುಗಾಡುತ್ತಿದ್ದವು! ನಿಮಗೆ ತೋರಿಸೋಣ ಅಂತ ಮನೆಗೆ ತಂದು ಬಕೆಟ್ಟಿನ ಬಾವಿ ನೀರಿನಲ್ಲಿ ಬಿಟ್ಟೆ. ಸಂಜೆಯೊಳಗೆ ಸತ್ತೇಹೋಯಿತು. ಒಳ್ಳೇ ನೀರು ಹಾಕಿದರೂ ಯಾಕೆ ಸತ್ತಿತು? ವಿಜ್ಞಾನದ ಮೇಷ್ಟ್ರನ್ನು ಕೇಳಿ, ಪುಸ್ತಕ ಓದಿ ತಿಳಿದದ್ದನ್ನು ಇಲ್ಲಿ ಬರೆದಿದ್ದೇನೆ.

ನಕ್ಷತ್ರಮೀನು ಮೀನೇ ಅಲ್ಲ. ಅದಕ್ಕೆ ಬೆನ್ನೆಲುಬಿಲ್ಲ, ಮಿದುಳೂ ಇಲ್ಲ. ಅದು ಕಂಟಕಚರ್ಮಿ. ಕಂಟಕ ಎಂದರೆ ಮುಳ್ಳು. ಈ ವಂಶದಲ್ಲಿ ಸುಮಾರು 7,000 ಜಾತಿಗಳಿವೆ. ಅವುಗಳಲ್ಲಿ 5 ಗುಂಪು.

1. ನಕ್ಷತ್ರಮೀನು: ಹೆಚ್ಚಿನವಕ್ಕೆ 5 ತೋಳು. ತೋಳು ತುಂಡಾದರೆ ಮತ್ತೆ ಬೆಳೆಯುತ್ತದೆ. ಕೆಲವು ಜಾತಿಗಳು ಹೊಟ್ಟೆಯನ್ನೇ ಬಾಯಿಂದ ಹೊರಗೆ ಚಾಚಿ, ಚಿಪ್ಪಿನೊಳಗಿನ ಜೀವಿಯನ್ನು ಕರಗಿಸಿ ತಿನ್ನುತ್ತವೆ.

2. ಬ್ರಿಟಲ್ ಸ್ಟಾರ್: ತೋಳುಗಳು ಹಾವಿನ ಬಾಲದಂತೆ ಸಪೂರ. ಶತ್ರು ಹಿಡಿದರೆ, ಹಲ್ಲಿ ಬಾಲ ಬಿಟ್ಟ ಹಾಗೆ ತೋಳು ಬಿಟ್ಟು ಪಾರಾಗುತ್ತದೆ.

3. ಸೀ ಅರ್ಚಿನ್: ಮುಳ್ಳಿನ ಚೆಂಡು. ಬಾಯಿ ಕೆಳಗಡೆ, ಅದರಲ್ಲಿ 5 ಹಲ್ಲು. ಬಂಡೆಯ ಪಾಚಿಯನ್ನು ಕೆರೆದು ತಿನ್ನುತ್ತದೆ.

4. ಸಮುದ್ರ ಸೌತೆ: ಹೆಸರಷ್ಟೇ ಸೌತೆ, ಇದು ಪ್ರಾಣಿ. ಕೆಲವು ಜಾತಿಗಳು ಹೆದರಿದರೆ ಕರುಳನ್ನೇ ಹೊರಗೆ ಹಾಕಿ, ಆಮೇಲೆ ಹೊಸದನ್ನು ಬೆಳೆಸಿಕೊಳ್ಳುತ್ತವೆ! ನಮ್ಮ ದೇಶದಲ್ಲಿ 2001ರಿಂದ ಇವನ್ನು ಹಿಡಿಯುವುದು ಅಪರಾಧ.

5. ಕಡಲ ಲಿಲ್ಲಿ: ನೋಡಲು ದಂಟಿನ ಮೇಲಿನ ಹೂವು. ನೀರಿನಲ್ಲಿ ತೇಲಿಬರುವ ಆಹಾರವನ್ನು ತೋಳುಗಳಿಂದ ಹಿಡಿಯುತ್ತದೆ.

ಈಗ ನನ್ನ ಪ್ರಶ್ನೆಗೆ ಬರೋಣ. ಇವುಗಳ ಮೈಯೊಳಗೆ ಕೊಳವೆಗಳ ಜಾಲವಿದೆ. ಅದರಲ್ಲಿ ಇರೋದು ಕಡಲ ನೀರಿನಂಥ ಉಪ್ಪುನೀರು. ಆ ನೀರಿನ ಒತ್ತಡದಿಂದಲೇ ನಕ್ಷತ್ರಮೀನು ಪುಟ್ಟ ಕಾಲುಗಳನ್ನು ಚಾಚಿ ನಡೆಯುತ್ತದೆ. ಮೈಯ ಉಪ್ಪನ್ನು ಹದವಾಗಿ ಇಟ್ಟುಕೊಳ್ಳಲು ನಮಗಿರುವಂತೆ ಮೂತ್ರಪಿಂಡ ಅದಕ್ಕಿಲ್ಲ. ಸಿಹಿನೀರಿಗೆ ಹಾಕಿದರೆ ನೀರು ಮೈಯೊಳಗೆ ನುಗ್ಗುತ್ತದೆ, ಜೀವಕೋಶಗಳು ಉಬ್ಬುತ್ತವೆ, ಪ್ರಾಣ ಹೋಗುತ್ತದೆ. ಅದಕ್ಕೇ ಕೆರೆ, ಬಾವಿ, ಹೊಳೆಯ ಸಿಹಿನೀರಿನಲ್ಲಿ ಒಂದೇ ಒಂದು ಕಂಟಕಚರ್ಮಿಯೂ ಇಲ್ಲ.

ನಮಗೆ ಒಳ್ಳೇ ನೀರು ಅಂದರೆ ಅದಕ್ಕೆ ವಿಷ. ಗೊತ್ತಿಲ್ಲದೆ ನಾನೇ ಅದನ್ನು ಕೊಂದೆ. ಒಣಗಿದ ಆ ನಕ್ಷತ್ರಮೀನು ಈಗ ನಮ್ಮ ವಿಜ್ಞಾನದ ಕಪಾಟಿನಲ್ಲಿದೆ, ಎಲ್ಲರೂ ನೋಡಿ. ನೀವು ಸಮುದ್ರಕ್ಕೆ ಹೋದಾಗ ದಂಡೆಯಲ್ಲಿ ಜೀವ ಇರೋದು ಸಿಕ್ಕರೆ, ದಯವಿಟ್ಟು ಮನೆಗೆ ತರಬೇಡಿ. ಅಲೆಯ ನೀರಿಗೇ ಬಿಡಿ.

– 8ನೇ ತರಗತಿ ವಿದ್ಯಾರ್ಥಿ